ಕೊಟ್ಟೂರಿನಲ್ಲಿ ಹಿಮ ಬಿದ್ದಿದೆಯಂತೆ!



ನಿಮಗೆ ಗೊತ್ತಿಲ್ಲದ ಒಂದು ಸುದ್ದಿ ಹೇಳುತ್ತೇನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಡಿಸೆಂಬರ್ ಬಂತೆಂದರೆ ಹಿಮ ಬೀಳುತ್ತದೆ! ಆಕಾಶದಿಂದಲ್ಲ, ಇಂಗ್ಲಿಷ್ ಕಾನ್ವೆಂಟುಗಳ ಎಲ್‌ಕೆಜಿ, ಯುಕೆಜಿ ಗೋಡೆಗಳ ಮೇಲೆ!

ನನ್ನದು ಸಣ್ಣ ಪ್ರಿಂಟಿಂಗ್ ಪ್ರೆಸ್. ಓದಿದ್ದು ಪಿಯುಸಿ. ಚಳಿಗಾಲದಲ್ಲಿ ಇಂಥ ಶಾಲೆಗಳಿಂದ ಕೆಲಸ ಬರುತ್ತದೆ: 'ವಿಂಟರ್ ಡೇ' ಕರಪತ್ರ, ಬಾಗಿಲಿಗೆ ಫ್ಲೆಕ್ಸ್, ಮಕ್ಕಳು ಬಣ್ಣ ತುಂಬುವ ಹಾಳೆ. ಹಾಳೆಯಲ್ಲಿ ಏನಿರುತ್ತದೆ? ಕ್ಯಾರೆಟ್ ಮೂಗಿನ ಹಿಮದ ಬೊಂಬೆ. ಜೋಡಿ ಹುಡುಕಲು ಉಣ್ಣೆಯ ಕೈಗವಸು. ಪೆಂಗ್ವಿನ್. ಇಗ್ಲೂ. ಕೆಳಗೆ ಒಂದು ಅಪ್ಪಣೆ: ಬೊಂಬೆಯ ಮೇಲೆ ಹತ್ತಿ ಅಂಟಿಸಿ, ಹಿಮದಂತೆ ಕಾಣಲಿ.

ಹತ್ತಿ! ನಮ್ಮ ಎರೆ ಹೊಲಗಳಲ್ಲಿ ಹತ್ತಿ ಬಿಡಿಸುವ ಕಾಲವೇ ಇದು. ಅವ್ವ ಬೆಳಗಿನಿಂದ ಸಂಜೆಯವರೆಗೆ ಸೊಂಟ ಬಗ್ಗಿಸಿ ಬಿಡಿಸಿದ ಹತ್ತಿ ಮಗುವಿನ ಕೈಯಲ್ಲಿದೆ. ಅದನ್ನು ಹಿಡಿದು ಆ ಮಗು 'ಸ್ನೋ' ಎನ್ನಬೇಕು. ಹತ್ತಿ ಎಂದರೆ ತಪ್ಪು, ಸ್ನೋ ಎಂದರೆ ಸ್ಟಾರು! ನಾಲ್ಕು ವರ್ಷದ ಕೂಸಿಗೆ ಕಲಿಸುವ ಮೊದಲ ಪಾಠವೇ ಇದಾಯಿತು: ನಿನ್ನ ಕಣ್ಣೆದುರು ಇರುವುದು ಸುಳ್ಳು, ಹಾಳೆಯಲ್ಲಿರುವುದು ನಿಜ.

ಮಾನ್ಯ ಕಾನ್ವೆಂಟ್ ಮಾಲೀಕರೇ, ನೀರು ಹೆಪ್ಪುಗಟ್ಟಲು ಸೊನ್ನೆ ಡಿಗ್ರಿ ಬೇಕು. ನಮ್ಮ ಸೀಮೆಯಲ್ಲಿ ಮಾಗಿಯ ನಸುಕಿನಲ್ಲಿ ಹದಿನೈದು ಡಿಗ್ರಿ ಆಸುಪಾಸು ಇದ್ದರೆ ಅದೇ ಗಡಗಡ ಚಳಿ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಐದೂ ತಾಲ್ಲೂಕು ವಿಜಯನಗರ ಜಿಲ್ಲೆ ಸೇರಿದವು. ಜಿಲ್ಲೆ ಬದಲಾಯಿತೇ ಹೊರತು ಮಾಗಿ ಬದಲಾಗಲಿಲ್ಲ.

ನಮ್ಮ ಚಳಿಗಾಲದಲ್ಲಿ ಪಾಠಕ್ಕೆ ಬರವೇ? ಹಿಂಗಾರಿ ಬಿಳಿಜೋಳ, ಕಡಲೆ ಮಳೆಯಿಲ್ಲದೆ ಹೇಗೆ ಬೆಳೆಯುತ್ತವೆ? ಎರೆ ಮಣ್ಣು ಹಿಡಿದಿಟ್ಟ ಹಸಿಯಿಂದ. ಇದು ವಿಜ್ಞಾನವಲ್ಲವೇ? ಕಡಲೆ ಗಿಡದ ಸೊಪ್ಪಿನ ಮೇಲಿನ ಇಬ್ಬನಿ ನಾಲಿಗೆಗೆ ಹುಳಿ. ಎಲೆ ಆಮ್ಲ ಒಸರುತ್ತದೆ. ಹಿಂದಿನವರು ನಸುಕಿನಲ್ಲಿ ಬಿಳಿ ಬಟ್ಟೆ ಹಾಸಿ, ಹಿಂಡಿ, ಕಡಲೆ ಹುಳಿ ಮಾಡಿಟ್ಟುಕೊಳ್ಳುತ್ತಿದ್ದರು. ಯಾವ ಲ್ಯಾಬು ಬೇಕು ಇದಕ್ಕೆ? ಎಳೆ ಜೋಳದ ತೆನೆ ಸುಟ್ಟು ಉಜ್ಜಿದ ಸೀತನಿ, ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕೂಡ್ಲಿಗಿ ಕಡೆ ಹುಣಸೆಹಣ್ಣು ಬಡಿಯುವುದು, ಚಳಿಗೆ ಮೊಗ್ಗು ಕಡಿಮೆಯಾಗಿ ದುಬಾರಿಯಾಗುವ ಹಡಗಲಿ ಮಲ್ಲಿಗೆ, ಇವೆಲ್ಲ ಚಳಿಗಾಲದ ಪಾಠಗಳೇ.

ಕೈಗವಸು ಬೇಕೆನ್ನುತ್ತೀರಾ? ನಮ್ಮಲ್ಲಿ ಕಂಬಳಿ ಇದೆ. ಕುರಿಯ ಉಣ್ಣೆ ಕತ್ತರಿಸಿ, ನೂತು, ನೇಯ್ದ ಕಂಬಳಿ. ಅದನ್ನು ಮಡಿಸಿ ತಲೆಗೆ ಕೊಪ್ಪೆ ಹಾಕಿಕೊಳ್ಳುವುದನ್ನು ಮಕ್ಕಳಿಗೆ ತೋರಿಸಿ, ಎಷ್ಟು ನಗುತ್ತವೆ ನೋಡಿ. ಭರತ ಹುಣ್ಣಿಮೆ ಸುಮಾರಿಗೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರ್ಣಿಕ. ಕಂಬಳಿ ನಿಲುವಂಗಿ, ಕರಡಿ ಕೂದಲ ಟೋಪಿ ತೊಟ್ಟ ಗೊರವಯ್ಯ ಹಿಮದ ಬೊಂಬೆಗಿಂತ ಕಡಿಮೆಯೇ? ಪೆಂಗ್ವಿನ್ ಬೇಕೇ? ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೆ ಹೋಗಿ. ಬಣ್ಣದ ಕೊಕ್ಕರೆಗಳು ಜಾಲಿ ಮರಗಳ ಮೇಲೆ ಗೂಡು ಕಟ್ಟುವ ಆ ಜಾಗಕ್ಕೆ 2024ರಲ್ಲಿ ರಾಮ್ಸಾರ್ ಮನ್ನಣೆ ಸಿಕ್ಕಿತು. ಜಗತ್ತು ಅಂಕಸಮುದ್ರವನ್ನು ಗುರುತಿಸಿದೆ. ಪಕ್ಕದ ಊರಿನ ಎಲ್‌ಕೆಜಿ ಗುರುತಿಸಿಲ್ಲ!

ಇನ್ನೊಂದು ಚಳಿಗಾಲವೂ ನಮ್ಮಲ್ಲಿದೆ. ಅದನ್ನು ಯಾರೂ ಗೋಡೆಗೆ ಅಂಟಿಸುವುದಿಲ್ಲ. ಸುಗ್ಗಿ ಮುಗಿಯುತ್ತಿದ್ದಂತೆ, ಎಷ್ಟೋ ಸಲ ಅದಕ್ಕೂ ಮೊದಲೇ, ತಾಂಡಾಗಳಿಂದ, ಬಡವರ ಕೇರಿಗಳಿಂದ ಜನ ಗುಳೆ ಹೊರಡುತ್ತಾರೆ. ಮಂಡ್ಯದ ಕಡೆ ಕಬ್ಬು ಕಡಿಯಲು, ಚಿಕ್ಕಮಗಳೂರಿನಲ್ಲಿ ಕಾಫಿ ಹಣ್ಣು ಬಿಡಿಸಲು. ಮಕ್ಕಳೂ ಜೊತೆಗೆ. ಕಾನ್ವೆಂಟಿನ ಮಗು ಇಗ್ಲೂಗೆ ಬಣ್ಣ ತುಂಬುವ ಹೊತ್ತಿಗೆ, ಅದೇ ಊರಿನ ಇನ್ನೊಂದು ಮಗು ಕಬ್ಬಿನ ಗದ್ದೆಯ ಬದುವಿನಲ್ಲಿ ಗುಡಿಸಲ ಚಳಿಯಲ್ಲಿ ಮುದುಡಿರುತ್ತದೆ. ಒಂದು ಮಗುವಿಗೆ ಪಾಠ ತಪ್ಪಿತು, ಇನ್ನೊಂದಕ್ಕೆ ಶಾಲೆಯೇ ತಪ್ಪಿತು.

'ಮಕ್ಕಳಿಗೆ ಲೋಕಜ್ಞಾನ ಬೇಡವೇ?' ಎನ್ನುತ್ತಾರೆ. ಬೇಕು ಸ್ವಾಮಿ. ಹಿಮಾಲಯದಲ್ಲಿ ಹಿಮ ಬೀಳುತ್ತದೆ, ಹೇಳಿ. ಆದರೆ ಇಬ್ಬನಿ ಮುಟ್ಟಿದ ಮಗುವಿಗೆ ಹಿಮ ಅರ್ಥವಾಗುತ್ತದೆ, ಇಬ್ಬನಿಯ ಹೆಸರೇ ಗೊತ್ತಿಲ್ಲದ ಮಗುವಿಗೆ ಅದು ಬರೀ ಶಬ್ದ. ಗೊತ್ತಿದ್ದುದರಿಂದ ಗೊತ್ತಿಲ್ಲದ ಕಡೆಗೆ ಹೋಗು ಎನ್ನುವುದು ಎಲ್ಲ ಟೀಚರ್ ಟ್ರೈನಿಂಗಿನಲ್ಲೂ ಹೇಳುವ ಮಾತು. 3ರಿಂದ 8 ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಮನೆಮಾತಿನಿಂದಲೇ ಶುರು ಮಾಡಿ ಎಂದಿದೆ.

'ಸುಪ್ರೀಂ ಕೋರ್ಟೇ ಹೇಳಿದೆ' ಎಂದು ಇನ್ನು ಕೆಲವರು. ಏನು ಹೇಳಿದೆ? ಒಂದರಿಂದ ನಾಲ್ಕನೆಯ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡ ಎಂಬ 1994ರ ಆದೇಶವನ್ನು ಖಾಸಗಿ ಶಾಲೆಗಳ ಮೇಲೆ ಹೇರಲಾಗದು ಎಂದು 2014ರ ಮೇ 6ರಂದು ಹೇಳಿತು. ಗೋಕಾಕ್ ಚಳವಳಿಯಿಂದ ಬಂದ ನಮಗೆ ಆ ಗಾಯ ಇನ್ನೂ ಮಾಸಿಲ್ಲ. ಆದರೆ ಕೊಟ್ಟೂರಿನಲ್ಲಿ ಹಿಮ ಬೀಳಿಸಿ ಎಂದು ಯಾವ ಕೋರ್ಟೂ ಹೇಳಿಲ್ಲ! ಇಂಗ್ಲಿಷ್ ಕಲಿಸುತ್ತೀರೋ, ಕಲಿಸಿ. ಜೋಳ, ಕಂಬಳಿ, ಕೊಕ್ಕರೆ ಇಟ್ಟುಕೊಂಡೇ ಇಂಗ್ಲಿಷ್ ಕಲಿಸಲು ಬರುವುದಿಲ್ಲವೇ? 1995ರಲ್ಲಿ ಹೆಗ್ಗಡದೇವನ ಕೋಟೆಯ ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ ಹುಟ್ಟಿದಾಗ ಮೇಷ್ಟ್ರುಗಳೇ ಕೂತು ಕಾರ್ಡು, ಹಾಡು ಮಾಡಿದರು. ಅವರಿಗೆ ಆದದ್ದು ಸಾವಿರಾರು ರೂಪಾಯಿ ಫೀಸು ಎಣಿಸುವ ನಿಮಗೆ ಆಗುವುದಿಲ್ಲವೇ?

ಬೆಂಗಳೂರಿನಲ್ಲಿ ಕೂತು ಇದನ್ನು ಓದುವ ತಮ್ಮಂದಿರೇ, ತಂಗಿಯರೇ, ಊರಿನಲ್ಲಿರುವ ಅಣ್ಣನ ಮಗಳ, ಅಕ್ಕನ ಮಗನ ಫೀಸಿಗೆ ದುಡ್ಡು ಕಳಿಸುವವರು ನೀವೇ. ಕೇಳುವ ಹಕ್ಕು ನಿಮಗಿದೆ. ಈ ಸಲ ಊರಿಗೆ ಹೋದಾಗ ಆ ಮಗುವಿನ ಹಾಳೆಗಳನ್ನು ತೆರೆದು ನೋಡಿ. ಶಾಲೆಗೆ ಹೋಗಿ ಇಷ್ಟು ಕೇಳಿ:

ಒಂದು, ಮಾಗಿಯ ಪಾಠ ಹೊಲದಲ್ಲಿ, ಕಣದಲ್ಲಿ, ಕೆರೆಯಲ್ಲಿ ನಡೆಯಲಿ.

ಎರಡು, ಮಗು ತನ್ನ ಚಳಿಯನ್ನು ಮೊದಲು ಮನೆಮಾತಿನಲ್ಲಿ ಹೇಳಲಿ. ತಾಂಡಾದ ಮಗು ಲಂಬಾಣಿಯಲ್ಲಿ, ಉರ್ದು ಮನೆಯ ಮಗು ಉರ್ದುವಿನಲ್ಲಿ. ಆಮೇಲೆ ಎಲ್ಲ ಮಕ್ಕಳೂ ಕನ್ನಡದಲ್ಲಿ.

ಮೂರು, ಗುಳೆ ಹೋಗುವವರ ಮಕ್ಕಳು ಊರಲ್ಲೇ ಉಳಿದು ಓದಲು ಆ ತಿಂಗಳುಗಳಿಗೆ ಊಟ, ವಸತಿ, ಹೊದಿಕೆ ಸರ್ಕಾರ ಕೊಡಲಿ.

ಪ್ರೆಸ್ಸಿನವನಾಗಿ ನನ್ನದೊಂದು ಮಾತು. ಕಂಬಳಿ ಕೊಪ್ಪೆ, ಸೀತನಿ, ಬಣ್ಣದ ಕೊಕ್ಕರೆಯ ಚಿತ್ರ ಬರೆದುಕೊಡುವ ಹುಡುಗ ಹುಡುಗಿಯರು ನಿಮ್ಮಲ್ಲಿದ್ದರೆ ಬರೆದು ಕಳಿಸಿ. ಕನ್ನಡದ ಹೆಸರು ಹಾಕಿ, ಕಾಗದದ ಖರ್ಚಿನಲ್ಲೇ ಅಚ್ಚು ಹಾಕಿ, ಅಂಗನವಾಡಿಗೂ ಕಾನ್ವೆಂಟಿಗೂ ಮುಟ್ಟಿಸೋಣ.

ಹತ್ತಿಯನ್ನು ಹತ್ತಿ ಎನ್ನುವ ಮಗು ನಮಗೆ ಬೇಕು!