ಮೊಂಡು ಕಲೆ ಇಲ್ಲ, ಮೊಂಡು ಮಂದಿ ಅದಾರ

1/6
ಫೋಟೊದಾಗಿರೋದು ನಮ್ಮ ಅಜ್ಜಿ ಕಾಲದ ನವಲಗುಂದ ಜಮಖಾನ. ಎಡಗಡೆ ನವಿಲು ನೋಡ್ರಿ, ಕುತ್ತಿಗಿ ಇಲ್ಲ. ಅಲ್ಲಿ ಅಂಗೈಯಗಲ ಬೆಳ್ಳಗಾಗೈತಿ. ಅದು ಕಲೆ ಅಲ್ಲ, ಕಲೆ ತೆಗಿಯಾಕ ಹೋಗಿ ಆದ ಗಾಯ. ನಮ್ಮ ಗುತ್ತಲದ ಮನಿಗಳಾಗ ಕಾರ್ಪೆಟ್ ಅಂದ್ರ ಇದೇ. ಬೀಗರು ಬಂದಾಗ, ಹಬ್ಬಕ್ಕ, ಮದುವಿ ಮಾತುಕತಿಗೆ ಟ್ರಂಕಿನಿಂದ ಹೊರಗ ಬರ್ತೈತಿ. ನೀವು ಸೇವ್ ಮಾಡಿಟ್ಟ "1 ನಿಮಿಷದಾಗ ಹಠಮಾರಿ ಕಲೆ ಮಾಯ" ರೀಲ್ ಜೊತಿ ಇವತ್ತು ನನ್ನ ಜಗಳ.

2/6
ಅಣ್ಣನ ಗೆಳೆಯರು ಊಟಕ್ಕ ಬಂದಿದ್ರು. ಎಣ್ಣೆಗಾಯಿ ರಸ ಚೆಲ್ಲಿತು. ಬ್ಯಾಡಗಿ ಮೆಣಸಿನಕಾಯಿ ಖಾರ, ಬಣ್ಣ ಕೇಳಬೇಕಾ? ಒಬ್ಬನೂ ಎದ್ದು ಅರಿವಿ ತರಲಿಲ್ಲ. ಮ್ಯಾಲೆ ತಲೆದಿಂಬು ಇಟ್ಟು ಮ್ಯಾಚ್ ನೋಡಿದ್ರು. ಮೂರು ದಿನ ಆದಮ್ಯಾಲೆ ಅವ್ವ ದಿಂಬು ಎತ್ತಿದಳು. ನಾನು ಶಾಣ್ಯಾಕಿ, ಕಾಲೇಜಿನಿಂದಲೇ ಬ್ಲೀಚ್ ರೀಲ್ ಕಳಿಸಿದೆ. ಅವ್ವ ಬಾಗಿಲು ಹಾಕಿದ ಬಚ್ಚಲದಾಗ ಬ್ಲೀಚ್ ಸುರುವಿ, ಸಾಲದು ಅಂತ ಬಾಜೂಕಿದ್ದ ಟಾಯ್ಲೆಟ್ ಆ್ಯಸಿಡ್ಡೂ ಹಾಕಿದಳು. ರಾತ್ರಿಯೆಲ್ಲ ಕೆಮ್ಮಿದಳು. ರೀಲ್ ಕಳಿಸಿದ ಬೆರಳು ನಂದು.

3/6
ಬ್ಲೀಚ್‌ಗೆ ಆ್ಯಸಿಡ್ ಸೇರಿದ್ರ ಬರೋದು ಕ್ಲೋರಿನ್ ಅನಿಲ. 1915ರಾಗ ಮಹಾಯುದ್ಧದಾಗ ಸೈನಿಕರ ಮ್ಯಾಲೆ ಬಿಟ್ಟಿದ್ದು ಇದನ್ನೇ. ದಯವಿಟ್ಟು ಎರಡನ್ನೂ ಎಂದೂ ಕೂಡಿಸಬ್ಯಾಡ್ರಿ. ತಪ್ಪಿ ಆದ್ರ ಅಲ್ಲೇ ನಿಂತು ತೊಳಿಯಬ್ಯಾಡ್ರಿ, ಹೊರಗ ಗಾಳಿಗೆ ಬರ್ರಿ. ಉಸಿರು ಹಿಡಿದ್ರ ಡಾಕ್ಟರ ಹತ್ರ ಹೋಗ್ರಿ.
ಇನ್ನು ಸೋಡಾ ಮತ್ತು ವಿನೆಗರ್ ಹ್ಯಾಕ್. ಕಾಮರ್ಸ್ ಓದೋ ನನಗೂ 10ನೇ ಕ್ಲಾಸಿನ ಪಾಠ ನೆನಪೈತಿ: ಆಮ್ಲ, ಪ್ರತ್ಯಾಮ್ಲ ಸೇರಿದ್ರ ಲವಣ, ನೀರು. ಬುರುಬುರು ನೊರಿ ಬರೀ ಕಾರ್ಬನ್ ಡೈಆಕ್ಸೈಡ್. ಎರಡೂ ಒಂದನ್ನೊಂದು ಕೊಂದು ಸುಮ್ಮನಾಗ್ತಾವು. ನೊರಿ ವಿಡಿಯೊಕ್ಕ ಚಂದ, ಕಲೆಗಲ್ಲ.

4/6
ಹಂಗಾದ್ರ ಏನು ಮಾಡೋದು? ಮೊದಲ 10 ನಿಮಿಷನೇ ಔಷಧ.
▪ ಖಾರ, ಎಣ್ಣಿ: ಮೆಣಸಿನಕಾಯಿ ಕೆಂಪು ನೀರಿನಾಗ ಕರಗಲ್ಲ, ಎಣ್ಣಿಯಾಗ ಕರಗ್ತೈತಿ. ಅದಕ್ಕ ಬರೀ ನೀರು ಹಾಕಿ ತಿಕ್ಕಿದ್ರ ಹರಡ್ತೈತಿ. ಚಮಚದಿಂದ ಬಳಿದು ತೆಗೀರಿ, ಪೌಡರ್ ಉದುರಿಸಿ ಎಣ್ಣಿ ಹೀರಿಸ್ರಿ, ಆಮ್ಯಾಲೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ ಉಗುರುಬೆಚ್ಚಗಿನ ನೀರಿಗೆ ಹಾಕಿ, ಬಿಳಿ ಅರಿವಿಲೆ ಅಂಚಿನಿಂದ ನಡುವಿಗೆ ಒತ್ತಿ ಒತ್ತಿ ತೆಗೀರಿ. ತಿಕ್ಕಬ್ಯಾಡ್ರಿ.
▪ ಅರಿಷಿಣ: ಸೋಪು ತಾಗಿದ್ರ ಕೆಂಪಾಗ್ತೈತಿ, ಗಾಬರಿ ಬ್ಯಾಡ. ತೊಳೆದು ಸ್ವಲ್ಪ ಹೊತ್ತು ಬಿಸಿಲಿಗೆ ಹಾಕ್ರಿ, ಮಾಸ್ತೈತಿ. ದಿನಗಟ್ಟಲೆ ಬಿಟ್ರ ಜಮಖಾನದ ಬಣ್ಣನೂ ಹೋಗ್ತೈತಿ.
▪ ರಕ್ತ: ತಣ್ಣೀರೇ. ಬಿಸಿನೀರು ಹಾಕಿದ್ರ ಅಲ್ಲೇ ಕಚ್ಚಿಕೊಳ್ತೈತಿ. ಹುಡುಗ್ಯಾರೇ, ನಾಚಿಕಿಗೆ ಮಡಚಿ ಮುಚ್ಚಿಡಬ್ಯಾಡ್ರಿ. ಅದೂ ಕಲೆನೇ, ಪಾಪ ಅಲ್ಲ.
ಏನೇ ಹಾಕೋಕೂ ಮೊದಲು ಮೂಲಿಗೆ ಹಚ್ಚಿ ಬಣ್ಣ ಬಿಡ್ತೈತೇನು ನೋಡ್ರಿ.

5/6
"ಇಷ್ಟೆಲ್ಲ ಯಾರಿಗೆ ಟೈಮ್ ಐತಿ?" ಅಂತೀರಿ. ಅವ್ವಗ ಐತಿ ಅಂತ ಯಾರು ಹೇಳಿದ್ರು? ನಾವು ಬಿ.ಕಾಂ. ಮಂದಿ, ಖಾತೆ ಬರೆಯೋರು. ಚೆಲ್ಲಿದವನ 10 ನಿಮಿಷ ಉಳೀತು. ಆ ಖರ್ಚು ಅವ್ವನ ಖಾತೆಗೆ ಹೋತು: ಅರ್ಧ ದಿನ, ಸೊಂಟ, ಎದಿ. ಹ್ಯಾಕ್ ಅಂದ್ರ ಇಷ್ಟೇ. ನಮ್ಮ ಸಾಲ ಇನ್ನೊಬ್ಬರ ಹೆಸರಿಗೆ ಬರೆಯೋದು. ನವಲಗುಂದದಾಗ ಈ ಜಮಖಾನ ನೇಯೋರು ಹೆಣ್ಮಕ್ಕಳು. ಹಾಸೋರು ಹೆಣ್ಮಕ್ಕಳು, ಒಗೆಯೋರೂ ಹೆಣ್ಮಕ್ಕಳು. ಕುಂತು ಚೆಲ್ಲೋದಕ್ಕ ಮಾತ್ರ ಎಲ್ಲಾರಿಗೂ ಸಮಾನ ಹಕ್ಕು!

6/6
ಒಂದು ನಿಜ ಒಪ್ಪಿಕೊಳ್ತೀನಿ. ವರ್ಷಗಟ್ಟಲೆ ಹಳೇ ಕಲೆ ಕೆಲವು ಹೋಗೋದೇ ಇಲ್ಲ. ಇರಲಿ ಬಿಡ್ರಿ. ನಾಕು ಮಂದಿ ಉಂಡ ಮನಿ ಅಂತ ಗೊತ್ತಾಗ್ತೈತಿ. ಮಂದಿ ಏನಂದಾರು ಅಂತ ಅವ್ವನ ಕೈಗೆ ಆ್ಯಸಿಡ್ ಬಾಟ್ಲಿ ಬರೋದು ಬ್ಯಾಡ.
ಈ ಪೋಸ್ಟ್ ಅವ್ವಗ ಕಳಿಸಬ್ಯಾಡ್ರಿ, ಆಕಿ ತಪ್ಪೇನೂ ಇಲ್ಲ. ದಿಂಬು ಇಟ್ಟು ಕಲೆ ಮುಚ್ಚೋ ಗೆಳೆಯನ್ನ ಟ್ಯಾಗ್ ಮಾಡ್ರಿ. ನಮ್ಮಣ್ಣನ್ನ ನಾನು ಆಗಲೇ ಮಾಡೀನಿ.

#ಗುತ್ತಲ #ಹಾವೇರಿ #ಜಮಖಾನ #ಚೆಲ್ಲಿದವರೇ_ಒರೆಸ್ರಿ