ಹಿಂದೆ ಕೂತವರು ಕೇಳುವುದಿಲ್ಲ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೊರಟ ಪಿಕಪ್ಪಿನಲ್ಲಿ ಚೀಲಗಳ ನಡುವೆ ಮುದುಡಿ ಕೂತ ರೈತ, ಚಿಂತಾಮಣಿಯ ಮಂಡಿಯಲ್ಲಿ ಟೊಮೆಟೊ ಇಳಿಸಲು ಹೊರಟ ಹಮಾಲಿ, ಗೌರಿಬಿದನೂರಿನ ಕಾರ್ಖಾನೆಯ ಪಾಳಿಗೆಂದು ಕತ್ತಲಲ್ಲೇ ಟೆಂಪೊ ಹತ್ತಿದ ಹೆಣ್ಣುಮಗಳು, ಅವಳ ಮಗುವನ್ನು ಶಾಲೆಗೆ ಒಯ್ಯುವ ವ್ಯಾನಿನೊಳಗಿನ ಹತ್ತಾರು ಪುಟ್ಟ ಚೀಲಗಳ ಒಡೆಯರು, ಇವರಲ್ಲಿ ಯಾರೂ ಬಾಗಿ ಚಕ್ರದೊಳಗೆ ಇಣುಕುವುದಿಲ್ಲ. ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ಎಂದು ಹಿಂದೆ ಕೂತವರು ಕೇಳುವುದಿಲ್ಲ. ಕೇಳಬೇಕಾದವರು ನೀವು, ಗಾಡಿಯ ಮಾಲೀಕರು, ಸ್ಟೀರಿಂಗ್ ಹಿಡಿದವರು, ಗ್ಯಾರೇಜಿನ ಅಣ್ಣಂದಿರು.

ನಿಮಗೆ ಗೊತ್ತು. ಮುಂದಿನ ಚಕ್ರ ಕಿರುಗುಟ್ಟುತ್ತಿರುವುದು ಗೊತ್ತು, ಬ್ರೇಕ್ ಒತ್ತಿದರೆ ಗಾಡಿ ಒಂದೇ ಕಡೆಗೆ ಎಳೆಯುವುದು ಗೊತ್ತು, ಕ್ಯಾಲಿಪರ್ ಜಾಮ್ ಆಗಿದೆಯೆಂದೂ ಗೊತ್ತು. ‘ಈ ಸೀಸನ್ ಮುಗೀಲಿ, ಆಮೇಲೆ ನೋಡೋಣ’ ಅಂದಿರಿ. ಟೊಮೆಟೊ ರೇಟು ನೆಲಕಚ್ಚಿದ ವಾರ ರಿಪೇರಿಗೆ ದುಡ್ಡು ಹೊಂದಿಸುವ ಸಂಕಟ ಸಣ್ಣದಲ್ಲ, ಅದನ್ನು ಅಲ್ಲಗಳೆಯುವವರಿಗೆ ಈ ಸೀಮೆಯ ಬದುಕೇ ತಿಳಿಯದು. ಆದರೆ ನಿಮ್ಮ ಸಂಕಟದ ಬಡ್ಡಿಯನ್ನು ಹಿಂದೆ ಕೂತವರು ಯಾಕೆ ಕಟ್ಟಬೇಕು?

ಕ್ಯಾಲಿಪರ್ ಬಿಚ್ಚಿ ಹಾಕುವುದು ಪಳಗಿದ ಕೈಗೆ ಸಲೀಸು. ಸಲೀಸಾದ್ದರಿಂದಲೇ ಉಡಾಫೆ ನುಸುಳುತ್ತದೆ. ಸ್ಟ್ಯಾಂಡ್ ಕೊಡದೆ, ಬರೀ ಜಾಕಿಯ ಮೇಲೆ ಗಾಡಿ ನಿಲ್ಲಿಸಿ ಹುಡುಗನನ್ನು ಕೆಳಗೆ ನುಗ್ಗಿಸುತ್ತೀರಿ. ಬೋಲ್ಟ್ ಬಿಚ್ಚಿದ ಮೇಲೆ ಅಷ್ಟು ಭಾರದ ಕ್ಯಾಲಿಪರ್ ಹೋಸ್‌ಪೈಪಿನಲ್ಲೇ ಜೋತಾಡುತ್ತದೆ. ಒಂದು ಗೇಣು ಕಂಬಿಯಲ್ಲಿ ಮೇಲಿನ ಸ್ಪ್ರಿಂಗಿಗೆ ಕಟ್ಟಿದ್ದರೆ ಸಾಕಿತ್ತು. ಪೈಪಿನ ಒಳಪದರ ಸೀಳಿದರೆ ಹೊರಗಿನಿಂದ ಯಾರಿಗೂ ಕಾಣದು. ಜಾರುವ ಪಿನ್ನಿಗೆ ಸಿಲಿಕಾನ್ ಗ್ರೀಸ್ ಬೇಕು, ಕೈಗೆ ಸಿಕ್ಕ ಚಕ್ರದ ಗ್ರೀಸ್ ಬಳಿದರೆ ರಬ್ಬರ್ ಉಬ್ಬಿ ಪಿನ್ನು ಮತ್ತೆ ಹಿಡಿದುಕೊಳ್ಳುತ್ತದೆ ಎಂದು ನಿಮಗೆ ಗೊತ್ತು. ಪೈಪ್ ಕಳಚಿದರೆ ತಾಮ್ರದ ವಾಷರ್ ಹೊಸದಾಗಬೇಕು, ಒಳಹೊಕ್ಕ ಏರ್ ಕಡೆಯ ಗುಳ್ಳೆಯವರೆಗೂ ಹೊರಬರಬೇಕು ಎಂದೂ ಗೊತ್ತು. ಹಳೇ ವಾಷರನ್ನೇ ಒರೆಸಿ ಹಾಕಿದಿರಾ ಎಂದು ಹಿಂದೆ ಕೂತವರು ಕೇಳುವುದಿಲ್ಲ.

ಆ ಹುಡುಗನೂ ಕೇಳುವುದಿಲ್ಲ. ಡಿಸ್ಕಿನ ಕಪ್ಪು ಧೂಳನ್ನು ಏರ್ ಪೈಪಿನಿಂದ ಊದು ಅಂದಿರಿ, ಊದಿದ, ಉಸಿರಾಡಿದ. ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶ ಹೊಕ್ಕರೆ ಹೊರಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಲು ಹೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು?

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿವರೆಗೆ ಕುದಿಯದೆ ತಡೆಯಬೇಕು. ತೇವ ಕುಡಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಭಾನುವಾರ ಮಕ್ಕಳನ್ನು ತುಂಬಿಕೊಂಡು 1,478 ಮೀಟರ್ ಎತ್ತರದ ನಂದಿಬೆಟ್ಟದಿಂದ ಇಳಿಯುವಾಗ ತಿರುವು ತಿರುವಿಗೂ ಬ್ರೇಕ್ ಒತ್ತುತ್ತೀರಲ್ಲ, ಆಗ ಆಯಿಲ್ ಕುದಿದು ಆವಿಯಾದರೆ ಪೆಡಲ್ ಕಾಲಡಿಯಲ್ಲಿ ಮೆತ್ತಗಾಗಿ ಕುಸಿಯುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳು ಅಷ್ಟೊತ್ತಿಗೂ ಹಾಡುತ್ತಲೇ ಇರುತ್ತಾರೆ.

2023ರ ಅಕ್ಟೋಬರ್ 26ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಹೆದ್ದಾರಿಯಲ್ಲಿ, ಮಂಜಿನಲ್ಲಿ, ನಿಂತಿದ್ದ ಟ್ಯಾಂಕರಿಗೆ ಸುಮೋ ಬಡಿದು 13 ಜನ ಹೋದರು. ಅದನ್ನು ಬ್ರೇಕಿನ ಲೆಕ್ಕಕ್ಕೆ ಬರೆಯುತ್ತಿಲ್ಲ. ಕೂತವರ ಕೈಯಲ್ಲಿ ಏನೂ ಇರಲಿಲ್ಲ ಎಂಬುದನ್ನಷ್ಟೇ ನೆನೆಯಿರಿ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ ಉಂಟು. ಅಂದು ಗಾಡಿ ತೊಳೆದು, ರಿಫ್ಲೆಕ್ಟರ್ ಅಂಟಿಸಿ, ನಿಂಬೆಹಣ್ಣನ್ನೂ ಕಟ್ಟುತ್ತೀರಿ. ಉಳಿದ 364 ದಿನ?

ನೀವು ಕೆಟ್ಟವರಲ್ಲ. ದಾರಿಯಲ್ಲಿ ಕೈ ತೋರಿಸಿದ ಅಜ್ಜಿಗೆ ಗಾಡಿ ನಿಲ್ಲಿಸುವವರು ನೀವೇ, ಕಾಸು ಕೇಳದೆ ಊರು ಮುಟ್ಟಿಸುವವರೂ ನೀವೇ. ಆ ಅಜ್ಜಿಯ ಸಲುವಾಗಿ ಈ ವಾರ ಒಮ್ಮೆ ಚಕ್ರ ಬಿಚ್ಚಿಸಿ. ಕಳಚಿದ ಪ್ಯಾಡನ್ನು ಕೈಗೆ ತೆಗೆದುಕೊಂಡು ನೋಡಿ, ಹೊಸ ವಾಷರಿನ ಕಾಸು ಚೌಕಾಸಿ ಮಾಡದೆ ಕೊಡಿ. ಕೆಲಸ ಮುಗಿದಾಗ ಒಳಕ್ಕೆ ತಳ್ಳಿದ ಪಿಸ್ಟನ್ ಇನ್ನೂ ಪ್ಯಾಡಿಗೆ ತಾಕಿರುವುದಿಲ್ಲ, ಮೊದಲ ತುಳಿತಕ್ಕೆ ಪೆಡಲ್ ನೆಲ ಮುಟ್ಟೀತು. ಗಟ್ಟಿಯಾಗುವವರೆಗೆ ತುಳಿಯಿರಿ, ಖಾಲಿ ಗಾಡಿಯನ್ನು ಸಮನೆಲದಲ್ಲಿ ಮೆಲ್ಲಗೆ ಓಡಿಸಿ ನಿಲ್ಲಿಸಿ ನೋಡಿ. ಜನ ಹತ್ತುವುದು ಆಮೇಲೆ.