53 ನಿಮಿಷ ತಡವಾಗಿ

ಭೂಮಿ ಹುಣ್ಣಿಮೆ ಹತ್ತಿರ ಬಂತು ಅಂದ್ರೆ ನನಗೆ ಒಂದು ಸಂಜೆ ನೆನಪಾಗುತ್ತೆ. 2022ರ ಅಕ್ಟೋಬರ್ 9, ಭಾನುವಾರ.

ಮನೆಯವರೆಲ್ಲ ಶನಿವಾರವೇ ಸೊರಬದ ಕಡೆ ಇರುವ ಮಾವನ ಮನೆಗೆ ಹೋಗಿದ್ದರು. ಬಸುರಿ ಭೂಮಿಗೆ ಬಯಕೆ ತೀರಿಸುವ ಹಬ್ಬ ಅದು. ರಾತ್ರಿಯಿಡೀ ಅಡುಗೆ, ಬೆಳಕು ಹರಿಯುವ ಮೊದಲು ಚಿತ್ತಾರದ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಪೂಜೆ, ಹಚ್ಚಂಬಲಿ ಬೀರುವುದು, ಅಲ್ಲೇ ಊಟ. ನಾನು ಮಾತ್ರ ವಿನೋಬನಗರದ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ. ಆ ವಾರ ನನ್ನದು ಆನ್‌ಕಾಲ್. ಐಟಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಇಷ್ಟು: ಕಂಪನಿಯ ಸರ್ವರ್ ಯಾವ ಹೊತ್ತಿನಲ್ಲಿ ಕೈಕೊಟ್ಟರೂ ನಿಮ್ಮ ಫೋನ್ ಬಡ್ಕೊಳ್ಳುತ್ತೆ, ತಕ್ಷಣ ಎದ್ದು ನೋಡಬೇಕು.

ಸಂಜೆ ಆರೂವರೆಗೆ ಎಲ್ಲರೂ ವಾಪಸ್ ಬಂದ್ರು. ಅಜ್ಜಿ ನನಗೆ ಅಂತ ಬಾಳೆಎಲೆಯಲ್ಲಿ ಕಡುಬು ಕಟ್ಟಿಸಿಕೊಂಡು ಬಂದಿದ್ದಳು. ಮೊಣಕಾಲು ನೋವಿದ್ದರೂ ರೂಮಿನ ಬಾಗಿಲಿಗೆ ಬಂದು, "ಬಾರೇ ಪುಟ್ಟಿ, ತಾರಸಿಗೆ ಹೋಗೋಣ. ಚಂದ್ರ ಬಂದಿದಾನೆ, ಅಲ್ಲೇ ಕೂತು ತಿನ್ನು" ಅಂದಳು. ನನ್ನ ಸ್ಕ್ರೀನ್ ಮೇಲೆ ಕೆಂಪು ಬಣ್ಣದ ಅಲರ್ಟು. "ಐದೇ ನಿಮಿಷ ಅಜ್ಜಿ" ಅಂದೆ.

ಆ ಐದು ನಿಮಿಷ ಮುಗಿದಾಗ ಎಂಟು ಗಂಟೆ ದಾಟಿತ್ತು. ಕಡುಬು ತಟ್ಟೆ ಮುಚ್ಚಿ ಇಟ್ಟಿತ್ತು. ಅಜ್ಜಿ ಮಲಗಿಬಿಟ್ಟಿದ್ದಳು.

ಅದೇ ಸಂಜೆ ನಮ್ಮ ನೆತ್ತಿಯ ಮೇಲೆ ಏನು ನಡೀತು ಅನ್ನೋದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ, ಇನ್ನೇನೋ ಓದುವಾಗ. ಭಾರತೀಯ ಕಾಲಮಾನ ಸಂಜೆ 6 ಗಂಟೆ 47 ನಿಮಿಷಕ್ಕೆ ಸರಿಯಾಗಿ, ಮನುಷ್ಯ ಇದುವರೆಗೆ ದಾಖಲಿಸಿದ ಅತಿ ಪ್ರಖರವಾದ ಗಾಮಾ ಕಿರಣ ಸ್ಫೋಟದ ಬೆಳಕು ಭೂಮಿಗೆ ತಲುಪಿತ್ತು. ಇಂಥದ್ದು ಸುಮಾರು ಹತ್ತು ಸಾವಿರ ವರ್ಷಕ್ಕೊಮ್ಮೆ ಬರಬಹುದು ಅನ್ನೋದು ಖಗೋಳ ವಿಜ್ಞಾನಿಗಳ ಅಂದಾಜು. ಹೆಸರು ಜಿಆರ್‌ಬಿ 221009ಎ. ಈ ಹೆಸರಿನಲ್ಲಿ ರಹಸ್ಯ ಏನಿಲ್ಲ, ವರ್ಷ-ತಿಂಗಳು-ದಿನ ಅಷ್ಟೇ.

ಕುತೂಹಲಕ್ಕೆ ಮೊಬೈಲಿನ ಸ್ಟೆಲೇರಿಯಂ ಆ್ಯಪ್‌ನಲ್ಲಿ ಊರು ಶಿವಮೊಗ್ಗ, ದಿನ ಮತ್ತು ಸಮಯ ಹಾಕಿ ನೋಡಿದೆ. ಸ್ಫೋಟ ಕಂಡ ಜಾಗ, ಬಾಣದ ಆಕಾರದ ಸಜಿಟಾ ಎಂಬ ಪುಟ್ಟ ನಕ್ಷತ್ರಪುಂಜ, ಆ ಹೊತ್ತಿಗೆ ನಮ್ಮ ತಾರಸಿಗೆ ಹೆಚ್ಚುಕಮ್ಮಿ ನೆಟ್ಟಗೆ ಮೇಲಿತ್ತು. ಉತ್ತರಕ್ಕೆ ಸ್ವಲ್ಪ ವಾಲಿತ್ತು, ಅಷ್ಟೇ.

ನಾನು ಆಗ ಮೇಲೆ ಹೋಗಿದ್ದರೆ ಕಾಣ್ತಿತ್ತಾ? ಇಲ್ಲ. ಗಾಮಾ ಕಿರಣ ಕಣ್ಣಿಗೆ ಕಾಣಲ್ಲ, ಜೊತೆಗೆ ನಮ್ಮ ವಾತಾವರಣ ಅದನ್ನು ಮೇಲೆಯೇ ಹೀರಿಕೊಳ್ಳುತ್ತೆ. ಆ ಹೊತ್ತಿಗೆ ತಾರಸಿಯಲ್ಲಿ ಕಾಣ್ತಿದ್ದದ್ದು ಇಬ್ಬರೇ, ಚಂದ್ರ ಮತ್ತು ಅಜ್ಜಿ.

ಇಷ್ಟಕ್ಕೂ ಇದೇನು? ಸೂರ್ಯನಿಗಿಂತ ಹತ್ತಾರು ಪಟ್ಟು ದೊಡ್ಡ ನಕ್ಷತ್ರ ಇಂಧನ ಮುಗಿದು ತನ್ನೊಳಗೇ ಕುಸಿಯುತ್ತೆ. ನಡುವೆ ಕಪ್ಪುಕುಳಿ ಹುಟ್ಟುತ್ತೆ. ಹುಟ್ಟುವಾಗ ಎರಡು ದಿಕ್ಕಿಗೆ, ಬೆಳಕಿನ ವೇಗಕ್ಕೆ ತೀರ ಹತ್ತಿರದ ವೇಗದಲ್ಲಿ, ಕಿರಿದಾದ ಧಾರೆಗಳು ಚಿಮ್ಮುತ್ತವೆ. ಒಂದು ಧಾರೆ ನಮ್ಮ ಕಡೆ ಮುಖ ಮಾಡಿದ್ದರೆ ಗಾಮಾ ಕಿರಣಗಳ ಮಿಂಚು ಕಾಣುತ್ತೆ. ಎರಡು ಸೆಕೆಂಡಿಗಿಂತ ಚಿಕ್ಕ ಮಿಂಚುಗಳು ಸಾಮಾನ್ಯವಾಗಿ ಬೇರೆ ಜಾತಿ, ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಾಗ ಹುಟ್ಟುವಂಥವು.

ಮೊದಲು ಇದನ್ನು ಕಂಡಿದ್ದು ಆಕಾಶ ನೋಡೋಕೆ ಹೋದವರಲ್ಲ. ಯಾರಾದರೂ ಕದ್ದು ಅಣುಬಾಂಬ್ ಪರೀಕ್ಷೆ ಮಾಡ್ತಿದ್ದಾರಾ ಅಂತ ಕಾಯೋಕೆ ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳು 1967ರ ಜುಲೈ 2ರಂದು ಒಂದು ಮಿಂಚು ಹಿಡಿದವು. ಅದು ಭೂಮಿಯದ್ದೂ ಅಲ್ಲ, ಸೂರ್ಯನದ್ದೂ ಅಲ್ಲ. ಇಂಥ ಮಿಂಚುಗಳ ಸುದ್ದಿ ಪ್ರಕಟವಾಗಿದ್ದು 1973ರಲ್ಲಿ. ಆಮೇಲೆ ಎರಡು ದಶಕಕ್ಕೂ ಮೀರಿ ಜಗಳ: ಇವು ನಮ್ಮ ಗ್ಯಾಲಕ್ಸಿಯ ಒಳಗಿನವಾ, ಹೊರಗಿನವಾ? ಮಿಂಚು ಬರುತ್ತೆ, ಹೋಗುತ್ತೆ. ಎಲ್ಲಿಂದ ಬಂತು ಅಂತ ಬೆರಳಿಟ್ಟು ತೋರಿಸೋಕೆ ಏನೂ ಉಳಿಯುತ್ತಿರಲಿಲ್ಲ.

ಉಳಿಯುತ್ತಿತ್ತು. ಅದು ಸಿಗುವಷ್ಟು ಬೇಗ ಯಾರೂ ತಲುಪುತ್ತಿರಲಿಲ್ಲ, ಅಷ್ಟೇ.

1997ರ ಫೆಬ್ರವರಿ 28ರಂದು ಬೆಪ್ಪೊಸ್ಯಾಕ್ಸ್ ಎಂಬ ಉಪಗ್ರಹ ಒಂದು ಸ್ಫೋಟ ಹಿಡಿದು, ಕೆಲವೇ ಗಂಟೆಯಲ್ಲಿ ತನ್ನ ಎಕ್ಸ್-ರೇ ಕಣ್ಣನ್ನು ಆ ಕಡೆ ತಿರುಗಿಸಿತು. ಅಲ್ಲಿ ಮಂಕಾಗುತ್ತಿರುವ ಒಂದು ಬೆಳಕಿತ್ತು. ಇಂಗ್ಲಿಷಿನಲ್ಲಿ ಅದಕ್ಕೆ ಆಫ್ಟರ್‌ಗ್ಲೋ ಅಂತಾರೆ. ನಾನು ಉಳಿಬೆಳಕು ಅಂತೀನಿ. ಅದೇ ವರ್ಷ ಮೇ ತಿಂಗಳ ಇನ್ನೊಂದು ಸ್ಫೋಟದ ಉಳಿಬೆಳಕಿನಿಂದ ದೂರ ಅಳೆದರು. ಉತ್ತರ ಬಂತು: ನೂರಾರು ಕೋಟಿ ಜ್ಯೋತಿರ್ವರ್ಷ. ಜಗಳ ಮುಗೀತು.

ಈ ಉಳಿಬೆಳಕು ಆರುತ್ತಿರುವ ಕೆಂಡ ಅಂದುಕೊಂಡರೆ ಪೂರ್ತಿ ಸರಿಯಲ್ಲ. ಚಿಮ್ಮಿದ ಧಾರೆ ಸುತ್ತಲಿನ ಅನಿಲಕ್ಕೆ ಗುದ್ದುತ್ತಾ ಹೋಗುತ್ತೆ. ಆ ಗುದ್ದಿನಲ್ಲಿ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತಿ ಬೆಳಕು ಹೊರಹಾಕ್ತವೆ. ಧಾರೆಯ ವೇಗ ಇಳಿದ ಹಾಗೆ ಬೆಳಕು ಕುಗ್ಗುತ್ತಾ ಹೋಗುತ್ತೆ. ಎಕ್ಸ್-ರೇ, ಕಣ್ಣಿನ ಬೆಳಕು, ಕೊನೆಗೆ ತಿಂಗಳುಗಟ್ಟಲೆ ಉಳಿಯೋದು ರೇಡಿಯೋ. ಸುಮಾರು ಲೆಕ್ಕ ಹೀಗಿದೆ: ಒಂದು ಗಂಟೆಗೆ ಇದ್ದ ಹೊಳಪು ಹತ್ತು ಗಂಟೆಗೆ ಹತ್ತರಲ್ಲೊಂದು, ನೂರು ಗಂಟೆಗೆ ನೂರರಲ್ಲೊಂದು. ಅಂದರೆ ಮೊದಲ ಗಂಟೆಯ ಬೆಲೆಯೇ ಬೇರೆ. ನಮ್ಮ ಆನ್‌ಕಾಲ್ ಭಾಷೆಯಲ್ಲಿ ಹೇಳೋದಾದ್ರೆ, ಇದು ಮೇಲಿನ ದರ್ಜೆಯ ಅಲರ್ಟು. ಉಪಗ್ರಹ ಹಿಡಿದ ಸುದ್ದಿ ಜಗತ್ತಿನ ಖಗೋಳಜ್ಞರ ಫೋನುಗಳಿಗೆ ಬರುತ್ತೆ, ನಿದ್ದೆಯಲ್ಲಿದ್ದವರು ಏಳ್ತಾರೆ.

ಈ ಎಚ್ಚರದಲ್ಲಿ ನಮ್ಮ ಕರ್ನಾಟಕದ ಪಾಲೂ ಇದೆ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೊಸ್ಯಾಟ್ ಉಪಗ್ರಹದಲ್ಲಿ ಸಿಜೆಡ್‌ಟಿಐ ಅಂತ ಒಂದು ಉಪಕರಣ ಇದೆ. ನೆಟ್ಟಗೆ ಮುಂದೆ ನೋಡೋಕೆ ಮಾಡಿದ್ದು ಅದು. ಆದರೆ ಗಾಮಾ ಕಿರಣದ ಶಕ್ತಿ ಒಂದು ಮಿತಿ ದಾಟಿದರೆ ಉಪಗ್ರಹದ ಗೋಡೆಯೇ ಅದಕ್ಕೆ ಗಾಜಿನ ಹಾಗೆ, ಪಕ್ಕದಿಂದ, ಹಿಂದಿನಿಂದ ಬಂದದ್ದೂ ಒಳಗೆ ತೂರುತ್ತೆ. ಹೀಗೆ ಅದು ಆಕಾಶದ ದೊಡ್ಡ ಭಾಗವನ್ನು ಕಾಯುವ ಕಾವಲುಗಾರ ಆಯ್ತು. ಕೆಲಸ ಶುರುಮಾಡಿದ ಮೊದಲ ದಿನ, 2015ರ ಅಕ್ಟೋಬರ್ 6ರಂದೇ ಒಂದು ಸ್ಫೋಟ ಹಿಡಿಯಿತು. ಆಮೇಲೆ ಹಿಡಿದದ್ದು ನೂರಾರು. ದತ್ತಾಂಶ ಇಳಿಯೋದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿಗೆ.

ಉಳಿಬೆಳಕು ಹುಡುಕೋರು ಲಡಾಖಿನ ಹಾನ್ಲೆಯಲ್ಲಿದ್ದಾರೆ. 4,500 ಮೀಟರ್ ಎತ್ತರ, ನಮ್ಮ ಮಲೆನಾಡಿಗೆ ಪೂರ್ತಿ ವಿರುದ್ಧ, ಮಳೆಯೇ ಇಲ್ಲದ ಒಣ ಆಕಾಶ. ಅಲ್ಲಿನ ಎರಡು ಮೀಟರ್ ಕನ್ನಡಿಯ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ನಡೆಸುತ್ತೆ, ಅದೂ ಹೊಸಕೋಟೆಯಲ್ಲಿ ಕೂತು. ಹೌದು, ನೀವು ಭಾನುವಾರ ಬೆಳಗ್ಗೆ ಬಿರಿಯಾನಿಗೆ ಕ್ಯೂ ನಿಲ್ತೀರಲ್ಲ, ಅದೇ ಹೊಸಕೋಟೆ. ಪಕ್ಕದಲ್ಲೇ 0.7 ಮೀಟರಿನ ಗ್ರೋತ್-ಇಂಡಿಯಾ ದೂರದರ್ಶಕ ಇದೆ, ಈ ಸಂಸ್ಥೆ ಮತ್ತು ಐಐಟಿ ಬಾಂಬೆ ಸೇರಿ ನಡೆಸೋದು. ಅಲರ್ಟ್ ಬಂದರೆ ತಾನಾಗೇ ತಿರುಗಬಲ್ಲ ರೋಬೋ.

ಬೇಗ ನೋಡೋದಷ್ಟೇ ಸಾಲದು, ಸರಿಯಾಗಿ ಜೋಡಿಸಬೇಕು. 2017ರ ಜನವರಿ 4ರಂದು ಗುರುತ್ವ ಅಲೆಯೊಂದು ಸಿಕ್ಕಿತು. ಅದು ಬಂದಿರಬಹುದಾದ ದಿಕ್ಕಿನಲ್ಲೇ ಅಟ್ಲಾಸ್ ಸಮೀಕ್ಷೆಯವರಿಗೆ ಬೇಗ ಮಂಕಾಗುತ್ತಿರುವ ಒಂದು ಚುಕ್ಕೆ ಕಂಡಿತು. ಎರಡಕ್ಕೂ ನಂಟಿದ್ದರೆ ಅದು ಬಲು ದೊಡ್ಡ ಸುದ್ದಿ. ಆಸ್ಟ್ರೊಸ್ಯಾಟ್ ದತ್ತಾಂಶ ಬಗೆದವರು ಬೇರೆಯದನ್ನು ತೋರಿಸಿದರು: ಅಲೆ ಬಂದ ಹೊತ್ತಿನಲ್ಲಿ ಏನೂ ಇಲ್ಲ, ಮರುದಿನ ಬಂದ ಬೇರೊಂದು ಗಾಮಾ ಸ್ಫೋಟದ ಉಳಿಬೆಳಕು ಆ ಚುಕ್ಕೆ. ದಿಕ್ಕು ಒಂದೇ ಆಗಿದ್ದು ಕಾಕತಾಳೀಯ. ನಮ್ಮ ಕೆಲಸದಲ್ಲೂ ಹೀಗೇ ಅಲ್ವಾ, ಒಟ್ಟಿಗೆ ಬಂದ ಎರಡು ಅಲರ್ಟಿಗೆ ಕಾರಣ ಒಂದೇ ಅಂತ ನಂಬಿ ರಾತ್ರಿಯೆಲ್ಲ ಹಾಳು ಮಾಡಿಕೊಂಡಿದ್ದು ಎಷ್ಟು ಸಲ.

ಈಗ ಆ ಭೂಮಿ ಹುಣ್ಣಿಮೆಗೆ ಬರೋಣ.

6:47ಕ್ಕೆ ಮಿಂಚು ಬಂದಾಗ ಫರ್ಮಿ ಉಪಗ್ರಹ ಅದನ್ನು ಹಿಡಿಯಿತು. ಬೆಳಕು ಎಷ್ಟು ಜೋರಿತ್ತು ಅಂದರೆ ಅದರ ಉಪಕರಣಗಳಿಗೆ ಎಣಿಸಿ ಪೂರೈಸಲಾಗಲಿಲ್ಲ. ನಮ್ಮ ಆಸ್ಟ್ರೊಸ್ಯಾಟ್ ಕೂಡ ಕಂಡಿತು. ಆದರೆ ಇಂಥ ಸ್ಫೋಟಗಳನ್ನು ಹಿಡಿದು ನಿಮಿಷದಲ್ಲಿ ತಿರುಗಿ ಉಳಿಬೆಳಕು ಹುಡುಕೋಕೆ ಅಂತಲೇ 2004ರಲ್ಲಿ ಹಾರಿಸಿದ್ದ ಸ್ವಿಫ್ಟ್ ಉಪಗ್ರಹಕ್ಕೆ ಅದು ಕಾಣಲೇ ಇಲ್ಲ. ಆ ಹೊತ್ತಿಗೆ ನಡುವೆ ಭೂಮಿಯೇ ಅಡ್ಡ ಇತ್ತು.

ಸ್ವಿಫ್ಟ್ ಸುತ್ತಿ ಈಚೆ ಬಂದು ಅದನ್ನು ಹಿಡಿದಾಗ 7:40. ಶತಮಾನಗಳ ಸ್ಫೋಟಕ್ಕೆ 53 ನಿಮಿಷ ತಡ. ಅಷ್ಟು ಹೊತ್ತಾದ ಮೇಲೂ ಉಳಿಬೆಳಕೇ ಎಷ್ಟು ಪ್ರಖರವಾಗಿತ್ತು ಅಂದರೆ, ಇದೇನೋ ನಮ್ಮ ಗ್ಯಾಲಕ್ಸಿಯೊಳಗೆ ಈಗ ತಾನೇ ಎದ್ದ ಹೊಸ ಚುಕ್ಕೆ ಅಂತ ಮೊದಲು ಸುದ್ದಿ ಹೋಯ್ತು. ಕೆಲವು ಗಂಟೆಯ ನಂತರ ಎರಡೂ ಒಂದೇ ಅಂತ ಗೊತ್ತಾಯ್ತು.

ಅಲ್ಲಿಂದ ಮುಂದೆ ಗೊತ್ತಾಗಿದ್ದರಲ್ಲಿ ಬಹುಪಾಲು ಆ ಉಳಿಬೆಳಕಿನಿಂದಲೇ. ಹಾನ್ಲೆಯ ಗ್ರೋತ್-ಇಂಡಿಯಾ ಸೇರಿ ಎಷ್ಟೋ ದೂರದರ್ಶಕಗಳು ಅದರ ಬೆನ್ನು ಹತ್ತಿದವು. ಚಿಲಿಯ ದೊಡ್ಡ ದೂರದರ್ಶಕ ದೂರ ಅಳೆಯಿತು: ಆ ಬೆಳಕು ಸುಮಾರು 190 ಕೋಟಿ ವರ್ಷ ಪ್ರಯಾಣ ಮಾಡಿ ಬಂದಿತ್ತು. ಸ್ಫೋಟದ ಎಕ್ಸ್-ರೇಗಳು ನಮ್ಮ ಗ್ಯಾಲಕ್ಸಿಯ ದೂಳಿನ ಮೋಡಗಳಿಗೆ ತಾಗಿ, ಸುತ್ತು ಬಳಸಿ ತಡವಾಗಿ ಬಂದು ಉಂಗುರಗಳಂತೆ ಕಂಡವು.

ಇನ್ನೂ ಒಂದು ವಿಷಯ ನನಗೆ ಬಹಳ ಇಷ್ಟ. ಸುಮಾರು ಆರು ತಿಂಗಳ ನಂತರ ಜೇಮ್ಸ್ ವೆಬ್ ದೂರದರ್ಶಕದಿಂದ ಅದೇ ಜಾಗ ನೋಡಿದರು. ಬೇಕಂತಲೇ ಅಷ್ಟು ತಡ. ಮೊದಲು ಆ ಬೆಳಕಿನ ಎದುರು ಬೇರೇನೂ ಕಾಣೋ ಹಾಗಿರಲಿಲ್ಲ, ಅದು ಕುಗ್ಗಿದ ಮೇಲೆ ಸತ್ತ ನಕ್ಷತ್ರದ ಸೂಪರ್‌ನೋವಾ ಕಂಡಿತು. 2024ರಲ್ಲಿ ಬಂದ ವರದಿ ಹೇಳೋದು: ಅದು ಅಸಾಧಾರಣ ಏನಲ್ಲ, ಇಂಥ ಸ್ಫೋಟಗಳ ಜೊತೆ ಕಾಣುವ ಮಾಮೂಲಿ ಸೂಪರ್‌ನೋವಾ. ಚಿನ್ನದಂಥ ಭಾರದ ಧಾತುಗಳು ಅಲ್ಲಿ ಹುಟ್ಟಿರಬಹುದು ಅಂತ ಹುಡುಕಿದರು, ಗುರುತು ಸಿಗಲಿಲ್ಲ. ಬೇಗ ತಲುಪಿದವರಿಗೆ ಗೊತ್ತಾಗೋದು ಕೆಲವು, ಬಿಡದೆ ಕೂತವರಿಗೆ ಮಾತ್ರ ಗೊತ್ತಾಗೋದು ಇನ್ನು ಕೆಲವು.

ಆ ಹುಣ್ಣಿಮೆಯ ಮರುದಿನ ಬೆಳಗ್ಗೆ ನನಗೆ ನಾಚಿಕೆಯಾಗಿತ್ತು. ತಣ್ಣಗಾದ ಕಡುಬು ಬಿಸಿ ಮಾಡಿಕೊಂಡು ಅಜ್ಜಿ ಪಕ್ಕ ಕೂತೆ. "ನಿನ್ನೆ ಗದ್ದೇಲಿ ಏನೇನಾಯ್ತು ಹೇಳಜ್ಜಿ" ಅಂದೆ. "ನೀನೇ ಬರ್ಬೇಕಿತ್ತು" ಅಂದ್ಲು, ಸಿಟ್ಟಿನಿಂದ ಅಲ್ಲ. ಆಮೇಲೆ ಹೇಳ್ತಾ ಹೋದಳು. ಹಚ್ಚಂಬಲಿಗೆ ಯಾವ ಯಾವ ಸೊಪ್ಪು, ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಗೆರೆ ಎಳೆಯೋದು ಹೇಗೆ, ಮದುವೆಯಾಗಿ ಬಂದ ಮೊದಲ ವರ್ಷ ಕತ್ತಲಲ್ಲಿ ಗದ್ದೆ ಬದುವಿನಿಂದ ಜಾರಿ ಬಿದ್ದು ಬುತ್ತಿಯೆಲ್ಲ ಕೆಸರಾಗಿದ್ದು. ಫೋನ್ ತೆಗೆದು ರೆಕಾರ್ಡ್ ಒತ್ತಿದೆ. ಹನ್ನೊಂದು ನಿಮಿಷ. ಮಧ್ಯದಲ್ಲಿ ಕುಕ್ಕರ್ ಸೀಟಿ ಇದೆ, ಅಮ್ಮ ತರಕಾರಿಯವನನ್ನು ಕೂಗಿದ್ದೂ ಇದೆ.

ಮುಂದಿನ ವರ್ಷ ಅಜ್ಜಿಗೆ ಗದ್ದೆಗೆ ಹೋಗೋಕಾಗಲಿಲ್ಲ. ಅದರ ಮುಂದಿನ ವರ್ಷ ಅಜ್ಜಿ ಇರಲಿಲ್ಲ.

ಆ ಸಂಜೆ ತಾರಸಿಗೆ ಹೋಗದೇ ಇದ್ದದ್ದು ತಪ್ಪೇ, ಅದಕ್ಕೆ ಯಾವ ವಿಜ್ಞಾನದ ಸಮಾಧಾನವೂ ಬೇಡ. ಆ ಕೆಂಪು ಅಲರ್ಟು ಏನಿತ್ತು ಅಂತ ಈಗ ನನಗೆ ನೆನಪೂ ಇಲ್ಲ. ಆದರೆ ತಡವಾಯ್ತು ಅಂತ ಮರುದಿನವೂ ಸುಮ್ಮನಿದ್ದಿದ್ದರೆ ಆ ಹನ್ನೊಂದು ನಿಮಿಷವೂ ಇರ್ತಿರಲಿಲ್ಲ. ಕಳೆದ ಸಲ ಹಚ್ಚಂಬಲಿ ಮಾಡುವಾಗ ಅಮ್ಮನಿಗೆ ಒಂದು ಸೊಪ್ಪಿನ ಹೆಸರು ಮರೆತುಹೋಗಿತ್ತು. ರೆಕಾರ್ಡಿಂಗ್ ಹಾಕಿ ಕೇಳಿಸಿದೆ.

ಅಕ್ಟೋಬರಿನಲ್ಲಿ ಮೋಡವಿಲ್ಲದ ದಿನ, ಸಂಜೆ ಏಳರ ಹೊತ್ತಿಗೆ ನಿಮ್ಮ ತಾರಸಿ ಹತ್ತಿ. ಉತ್ತರದ ಕಡೆ ಎತ್ತರದಲ್ಲಿ ಹೊಳೆಯೋದು ಅಭಿಜಿತ್, ದಕ್ಷಿಣದ ಕಡೆಯದು ಶ್ರವಣ. ಎರಡರ ನಡುವೆ, ಹೆಚ್ಚುಕಮ್ಮಿ ನೆತ್ತಿಯ ಮೇಲೆ, ಆ ಜಾಗ. ಕಣ್ಣಿಗೆ ಈಗ ಅಲ್ಲಿ ವಿಶೇಷ ಏನೂ ಕಾಣಲ್ಲ. ಆದರೂ ಹೋಗಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ನಿಧಾನಕ್ಕೆ ಕೈಹಿಡಿದು ಕರ್ಕೊಂಡು ಹೋಗಿ. ಫೋನ್ ಕೆಳಗೇ ಇರಲಿ.